ಓದಿಯೇ ಹಾಕಿದ ಸಹಿ

ಅಮೆರಿಕದ ಈ ಊರುಗಳಲ್ಲಿ ಮನೆ ಕೊಳ್ಳುವುದಕ್ಕೆ ವಕೀಲರೇ ಬೇಕಿಲ್ಲ ಎಂದು ಮೊದಲ ಸಲ ಕೇಳಿದಾಗ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಹೇಳಿದವರು ನಮಗೆ ಮನೆ ಹುಡುಕಿಕೊಡಲು ಒಪ್ಪಿಕೊಂಡಿದ್ದ ಏಜೆಂಟು. ನನ್ನ ಗಂಡನ ಹಳೆಯ ಸ್ನೇಹಿತರು, ಧಾರವಾಡದ ಕಡೆಯವರು, ಅತ್ತಿಗೆ ಎನ್ನಲು ವೈನಿ ಎನ್ನುವವರು. "ವೈನಿ, ಇಲ್ಲೆ ವಕೀಲರ ಕೆಲಸಾನ ಇಲ್ರೀ. ಎಸ್ಕ್ರೋದವರು ಎಲ್ಲಾ ನೋಡ್ಕೋತಾರ," ಎಂದು ಫಾಸ್ಟರ್ ಸಿಟಿಯ ನಮ್ಮ ಬಾಡಿಗೆ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಕೂತು, ನಾನೇ ಮಾಡಿಕೊಟ್ಟ ಅವಲಕ್ಕಿ ತಿನ್ನುತ್ತಾ ಹೇಳಿದರು. ಎಸ್ಕ್ರೋ ಎಂದರೆ ಕೊಳ್ಳುವವರಿಗೂ ಸೇರದ, ಮಾರುವವರಿಗೂ ಸೇರದ ಮೂರನೆಯ ಕಚೇರಿ. ವ್ಯವಹಾರ ಮುಗಿಯುವವರೆಗೆ ದುಡ್ಡು, ಕಾಗದ ಎಲ್ಲ ಅದರ ಕೈಯಲ್ಲಿರುತ್ತದೆ. ಅದು ಯಾರ ಪರವೂ ಅಲ್ಲ. ಯಾರ ಪರವೂ ಅಲ್ಲದವರು ನನ್ನ ಕಾಗದವನ್ನು ಮನಸ್ಸಿಟ್ಟು ಯಾಕೆ ಓದುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ನನ್ನ ಸಿಟ್ಟಿಗೆ ಕಾರಣವಿತ್ತು. ಮದುವೆಗೆ ಮುಂಚೆ ಮೈಸೂರಿನಲ್ಲಿ ನಾನು ವಕೀಲೆಯಾಗಿದ್ದೆ. ಕರಿಕೋಟು ಹಾಕಿಕೊಂಡು ಜಡ್ಜರ ಮುಂದೆ ಗುಡುಗುವ ಪೈಕಿಯಲ್ಲ. ಸೀನಿಯರ್ ಆಫೀಸಿನ ಹಿಂದಿನ ಕೋಣೆಯಲ್ಲಿ ಕೂತು ಆಸ್ತಿ ಕಾಗದ ಓದುವವಳು. ಮೂಲಪತ್ರ ಎಲ್ಲಿದೆ, ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲ ಕೂತಿದೆ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದು ಬರೆದ ಕಡೆ ನಿಜಕ್ಕೂ ರಸ್ತೆ ಇದೆಯೋ ಪಕ್ಕದವರ ಕೊಟ್ಟಿಗೆ ಇದೆಯೋ, ಇದೇ ನನ್ನ ದಿನಚರಿ. ಕ್ರಯಪತ್ರಗಳಲ್ಲಿ ಎಷ್ಟೋ ಜನರ ಹೆಸರನ್ನು ತಂದೆಯ ಹೆಸರು, ವಯಸ್ಸು, ವಾಸದ ಸಮೇತ ಬರೆದಿದ್ದೇನೆ. ನನ್ನ ಹೆಸರು ಒಂದರಲ್ಲೂ ಇರಲಿಲ್ಲ. ಇಲ್ಲಿಗೆ ಬಂದ ಮೇಲೆ ಕೆಲಸ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದಲ್ಲಿ ವರ್ಷಗಟ್ಟಲೆ ಕೂತೆ. ಇಲ್ಲಿನ ವಕೀಲಿ ಪರೀಕ್ಷೆಗೆಂದು ಪುಸ್ತಕ ತರಿಸಿದೆ, ಮಗಳು ಹುಟ್ಟಿದಳು, ಪುಸ್ತಕಗಳನ್ನು ಯಾರಿಗೋ ಕೊಟ್ಟೆ. ಗ್ರೀನ್ ಕಾರ್ಡು ಬಂದ ಮೇಲೆ ಡೇಕೇರಿನಲ್ಲಿ ಅರ್ಧ ದಿನದ ಕೆಲಸ, ಮಕ್ಕಳ ಮೂಗು ಒರೆಸುವುದು, ಹಾಡು ಹೇಳುವುದು. ಹೀಗಾಗಿ ಮನೆ ಕೊಳ್ಳುವ ಮಾತು ಬಂದಾಗ ಉಳಿದವರೆಲ್ಲ ಅಡುಗೆಮನೆ, ಸ್ಕೂಲು, ಆಫೀಸಿನ ದೂರ ಎನ್ನುತ್ತಿದ್ದರೆ ನನ್ನ ತಲೆಯಲ್ಲಿದ್ದದ್ದು ಒಂದೇ ಆಸೆ. ಒಂದಾದರೂ ಪತ್ರದಲ್ಲಿ ಕೊಳ್ಳುವವರ ಜಾಗದಲ್ಲಿ ನನ್ನ ಹೆಸರು ನೋಡಬೇಕು. ಅದನ್ನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗಂಡ ಹೆಂಡತಿ ಸೇರಿ ಮನೆ ಕೊಂಡರೆ ಇಬ್ಬರ ಹೆಸರೂ ಇರುತ್ತದೆ, ಅದರಲ್ಲಿ ಹೇಳುವಂಥದ್ದೇನಿದೆ ಎಂದುಕೊಂಡಿದ್ದೆ.

ವಕೀಲರು ಬೇಕೇ ಬೇಕು ಎಂದು ಹಟ ಹಿಡಿದೆ. ನನ್ನ ಗಂಡ ನಕ್ಕರು. "ಆಯ್ತಮ್ಮ, ಲಾಯರ್‌ಗೊಬ್ರು ಲಾಯರ್ ನೋಡ್ಕೊ. ನಿನ್ನ ಸಮಾಧಾನ," ಅಂದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ಬಾಯಿ ಕಮ್ಮಿ. ಕಷ್ಟದ ಮಾತು ಬಂದರೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಾರೆ.

ಮೊದಲು ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬರಿಗೆ ಫೋನು ಮಾಡಿದೆ. ನಾನು ಮಾತು ಶುರು ಮಾಡುವ ಮೊದಲೇ ಅವರ ಸಹಾಯಕಿ ಫೀಸಿನ ವಿವರ ಓದತೊಡಗಿದಳು. ಉಸಿರಾಡಿದ್ದಕ್ಕೂ ಬಿಲ್ಲು ಬರುತ್ತದೆ ಅನಿಸಿ ಇಟ್ಟುಬಿಟ್ಟೆ. ಎರಡನೆಯವರು ನಮ್ಮವರೇ, ಬೆಂಗಳೂರಿನವರು. ಅವರ ಆಫೀಸಿನಲ್ಲಿ ಕೂತು ಎರಡು ಮಾತಾಡುವಷ್ಟರಲ್ಲಿ ನಮ್ಮ ಚಿಕ್ಕತ್ತೆಯ ಬೀಗರು ಅವರ ಹೆಂಡತಿಗೆ ಏನಾಗಬೇಕು ಎಂಬುದು ಗೊತ್ತಾಯಿತು, ಕಾಫಿ ಬಂತು, ಮುಂದಿನ ಕನ್ನಡಕೂಟದ ಪಾಟ್‌ಲಕ್ಕಿಗೆ ನಾನು ಏನು ತರುತ್ತೇನೆ ಎಂಬುದೂ ತೀರ್ಮಾನವಾಯಿತು. ನನ್ನ ಕಾಗದದ ಮಾತು ಪುಳಿಯೋಗರೆಯ ಜೊತೆ ಹಂಚಿಹೋಗುವುದು ಗ್ಯಾರಂಟಿ ಅನಿಸಿ ನಮಸ್ಕಾರ ಹೇಳಿ ಎದ್ದು ಬಂದೆ.

ಮೂರನೆಯವರು ಗಿಲ್‌ರಾಯಿಯಲ್ಲಿ ಇದ್ದರು. ನಮ್ಮ ಕೈಗೆಟುಕುವ ಮನೆ ಸಿಕ್ಕಿದ್ದೂ ಅಲ್ಲೇ, ಬೆಳ್ಳುಳ್ಳಿ ಹೊಲಗಳ ಊರಿನಲ್ಲಿ. ಫಾಸ್ಟರ್ ಸಿಟಿಯ ಆಫೀಸಿಗೆ ಅಲ್ಲಿಂದ ಹೋಗಿ ಬರುವುದೇ ಒಂದು ನೌಕರಿ, ಆದರೆ ಆಫೀಸಿನ ಹತ್ತಿರ ನಮಗೆ ಕೊಳ್ಳಲಾಗುತ್ತಿದ್ದದ್ದು ಕಾರು ನಿಲ್ಲಿಸುವಷ್ಟು ಜಾಗ. ವಕೀಲೆಗೆ ವಯಸ್ಸಾಗಿತ್ತು, ತಲೆಯೆಲ್ಲ ಬೆಳ್ಳಗೆ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಹೊಲದ ಕುಟುಂಬಗಳ ಪತ್ರ ಮಾಡಿ ಮಾಡಿ ನುರಿತ ಕೈ. ಕುರ್ಚಿ ತೋರಿಸಿ, ಕನ್ನಡಕ ಏರಿಸಿ, ಮೊದಲು ಕೇಳಿದ್ದೇ ಇದು: "ನನ್ನ ಕಕ್ಷಿದಾರರು ಯಾರು? ನೀವಾ, ನಿಮ್ಮ ಗಂಡನಾ, ಇಬ್ಬರೂನಾ?"

"ಇಬ್ಬರೂ. ಎರಡೂ ಒಂದೇ," ಅಂದೆ.

ಅವರು ಬರೆದುಕೊಂಡರು. "ಬಹಳ ವಿಷಯಕ್ಕೆ ಒಂದೇ. ಆದರೆ ನೀವಿಬ್ಬರೂ ಎದುರು ಬದುರು ನಿಲ್ಲುವಂಥ ಕಾಗದ ಏನಾದರೂ ಬಂದರೆ, ಸಹಿ ಮಾಡುವ ಮೊದಲು ನನಗೊಂದು ಫೋನು ಮಾಡಿ," ಅಂದರು. ನಾನು ಒಳಗೊಳಗೇ ನಕ್ಕೆ. ಈ ಅಮೆರಿಕದವರಿಗೆ ಗಂಡ ಹೆಂಡತಿ ಎಂದರೆ ವಾದಿ ಪ್ರತಿವಾದಿ ಎಂದು ಮನೆಗೆ ಬಂದು ಇವರ ಹತ್ತಿರವೂ ಹೇಳಿ ನಗಿಸಿದೆ.

ಆಮೇಲಿನ ವಾರಗಳು ನಾನು ಇಲ್ಲಿಗೆ ಬಂದ ಮೇಲೆ ಕಂಡ ಅತಿ ಒಳ್ಳೆಯ ವಾರಗಳು. ಮನೆಯ ಹಿಂದಿನ ಜಾಗದಲ್ಲಿ ಹಳೆಯ ತೋಟದ ಕಾಲದ ನೀರಿನ ಪೈಪು ಹಾದುಹೋಗಿತ್ತು, ಅದನ್ನು ರಿಪೇರಿ ಮಾಡಲು ಪಕ್ಕದ ಮನೆಯವರು ನಮ್ಮ ಹಿತ್ತಲಿಗೆ ಬರುವ ಹಕ್ಕು ಪತ್ರದಲ್ಲಿತ್ತು. ಅದು ಎಲ್ಲಿಂದ ಎಲ್ಲಿಯವರೆಗೆ ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ವಕೀಲೆ ನಕ್ಷೆ ಹರಡಿದರು. ನಾನು ಪೆನ್ಸಿಲು ತೆಗೆದುಕೊಂಡು ನಮ್ಮೂರಿನ ರೀತಿಯಲ್ಲಿ ನಾಲ್ಕು ದಿಕ್ಕಿನ ಎಲ್ಲೆ ಬರೆದು ತೋರಿಸಿದೆ. ಪಶ್ಚಿಮದ ಅಳತೆ ತಾಳೆಯಾಗುವುದಿಲ್ಲ ಎಂದೆ. ಅವರು ಎರಡು ಸಲ ನೋಡಿ, "ನೀವು ಈ ಕೆಲಸ ಮಾಡಿದವರು!" ಅಂದರು. ಹೌದು, ಅಂದೆ. ಅವತ್ತಿನಿಂದ ನನ್ನ ಜೊತೆ ಸಹೋದ್ಯೋಗಿಯ ಜೊತೆ ಮಾತಾಡುವ ಹಾಗೆ ಮಾತಾಡಿದರು. ಟೈರ್ ಅಂಗಡಿಯ ಮೆಟ್ಟಿಲು ಇಳಿದು ಬರುವಾಗ ನನ್ನ ನಡಿಗೆಯೇ ಬೇರೆಯಾಗಿರುತ್ತಿತ್ತು. ಆ ಹೆಮ್ಮೆ ನೆನೆದರೆ ಈಗ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಕೊನೆಯ ಸಹಿಗಳನ್ನು ಮನೆಯಲ್ಲೇ ಮಾಡಬಹುದು, ನೋಟರಿ ಕಾಗದ ಹಿಡಿದುಕೊಂಡು ಬರುತ್ತಾಳೆ ಎಂದು ಏಜೆಂಟು ಸ್ನೇಹಿತರು ಏರ್ಪಾಟು ಮಾಡಿದರು. ಮೈಸೂರಿನಲ್ಲಿದ್ದ ನಮ್ಮತ್ತೆ ಮುಹೂರ್ತ ನೋಡಿದರು. ರಾಹುಕಾಲ ಮೈಸೂರಿನದೋ ಇಲ್ಲಿನದೋ ಎಂದು ತಾಯಿ ಮಗನ ನಡುವೆ ಎರಡು ದಿನ ಚರ್ಚೆ ನಡೆದು, ಎರಡಕ್ಕೂ ಸಿಗದ ಒಂದು ಸಂಜೆ ಗೊತ್ತಾಯಿತು. ಸಂಜೆ ಎಂದರೆ ನಮಗೆ. ಅತ್ತೆಗೆ ಬೆಳಗಿನ ಜಾವ. ಅವರು ಸ್ನಾನ ಮುಗಿಸಿ ಟ್ಯಾಬ್ಲೆಟಿನ ಪರದೆಯೊಳಗೆ ಹಾಜರಾದರು. ಮಗಳು ಅದನ್ನು ಹಣ್ಣಿನ ಬುಟ್ಟಿಗೆ ಆನಿಸಿ ನಿಲ್ಲಿಸಿದಳು. ಸ್ನೇಹಿತರ ಹೆಂಡತಿ ಡಬ್ಬಿ ತುಂಬ ಚಿರೋಟಿ ಮಾಡಿಕೊಂಡು ಬಂದಿದ್ದರು. ಅತ್ತೆ, ಮೊದಲ ಹಾಳೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚು ಅಂದರು. ನೋಟರಿ ಹೌಹಾರಿ ಎರಡೂ ಕೈ ಅಡ್ಡ ಹಿಡಿದಳು, ಕೌಂಟಿಯ ಸರ್ಕಾರಿ ಕಚೇರಿಯಲ್ಲಿ ನೋಂದಣಿಯಾಗುವ ಕಾಗದದ ಮೇಲೆ ಒಂದು ಚುಕ್ಕೆಯೂ ಬೀಳಕೂಡದಂತೆ. ಕೊನೆಗೆ ಕಾಗದದ ಪ್ಲಾಸ್ಟಿಕ್ ಫೋಲ್ಡರಿಗೆ ಕುಂಕುಮ ಹಚ್ಚಿದೆ. ಎಲ್ಲರೂ ನಕ್ಕೆವು. ಮನೆ ತುಂಬ ಹಬ್ಬದ ವಾತಾವರಣವಿತ್ತು.

ಸಹಿ ಹಾಕಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿದ್ದರು. ಬಹುಪಾಲು ಸಹಿ ಇವರದೇ, ಏಕೆಂದರೆ ಸಾಲ ಇವರ ಸಂಬಳದ ಮೇಲೆ, ಇವರ ಹೆಸರಿನಲ್ಲಿ. ಅದು ನನಗೆ ಗೊತ್ತಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಸಾಲಗಾರ ಒಬ್ಬನಾದರೂ ಮಾಲೀಕರು ಇಬ್ಬರಿರಬಹುದು. ಹಾಳೆ ಮಗುಚುತ್ತಾ ಮಗುಚುತ್ತಾ ನೋಟರಿ ಒಂದು ಕಾಗದವನ್ನು ನನ್ನ ಕಡೆಗೆ ತಿರುಗಿಸಿದಳು. ಅದರಲ್ಲಿ ಹಳದಿ ಚೀಟಿ ಒಂದೇ, ನನ್ನ ಹೆಸರಿನ ಮುಂದೆ. ಸಾಲದವರಿಂದ ನೇರವಾಗಿ ಬಂದ ಕಾಗದ, ವಕೀಲೆ ಅದನ್ನು ನೋಡಿರಲಿಲ್ಲ.

ಮೇಲೆ ದಪ್ಪ ಅಕ್ಷರದಲ್ಲಿ 'ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್' ಎಂದಿತ್ತು. ಅಂಥ ಕಾಗದವನ್ನು ನಾನು ಈ ದೇಶದಲ್ಲಿ ಕಂಡಿರಲಿಲ್ಲ, ಆದರೆ ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಈ ಮನೆಯಲ್ಲಿ ಹೆಂಡತಿಗೆ ಇರುವ, ಮುಂದೆ ಬರಬಹುದಾದ ಎಲ್ಲ ಹಕ್ಕನ್ನೂ ಗಂಡನಿಗೆ ಬಿಟ್ಟುಕೊಟ್ಟಿದ್ದಾಳೆ, ಇನ್ನು ಅದು ಅವನೊಬ್ಬನ ಸ್ವಂತ ಆಸ್ತಿ ಎಂಬುದು ಅದರ ಒಕ್ಕಣೆ. ಓದಿದೆ. ಅರ್ಥವಾಯಿತು. ಪೆನ್ನು ನಿಂತಿತು.

"ವೈನಿ ವಕೀಲರ ಕಣ್ಣು ಬಿತ್ತು ನೋಡ್ರಿ, ಇನ್ನ ಇವತ್ತ ಊಟ ಆದಂಗ ಆತು!" ಎಂದರು ಸ್ನೇಹಿತರು. ಅವರ ಹೆಂಡತಿ ನಕ್ಕರು. "ಏನಿಲ್ರೀ, ಲೋನಿನ ಸಲುವಾಗಿ ಇರೋ ಪೇಪರ್ ಅದು. ಜಲ್ದಿ ಆಗ್ಲಿ ಅಂತ ಲೋನಿನವರು ಹಂಗ ಮಾಡ್ಯಾರ. ರೂಟೀನು."

ಹಣ್ಣಿನ ಬುಟ್ಟಿಯ ಮುಂದಿನಿಂದ ಅತ್ತೆ, "ಏನಮ್ಮ, ಯಾಕೆ ನಿಲ್ಲಿಸ್ಬಿಟ್ಟೆ? ಏನಾದ್ರೂ ತೊಂದ್ರೆನಾ?" ಅಂದರು. ನಾನು ಇವರ ಮುಖ ನೋಡಿದೆ. ಇವರು ತಮ್ಮ ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಏನಾದರೂ ಪ್ರಶ್ನೆ ಇದೆಯಾ?" ಎಂದಳು ನೋಟರಿ.

"ಇಲ್ಲ," ಎಂದು ನಕ್ಕು ಸಹಿ ಮಾಡಿದೆ.

ಆಮೇಲೆ ಚಿರೋಟಿ ತಿಂದೆವು. ಬಾದಾಮಿ ಹಾಲು ಹಾಕಿಕೊಂಡು ಎರಡು ತಿಂದೆ. ಚೆನ್ನಾಗಿದೆ ಎಂದೆ, ಸಕ್ಕರೆ ಪುಡಿಗೆ ಏಲಕ್ಕಿ ಎಷ್ಟು ಹಾಕಿದಿರಿ ಎಂದೂ ಕೇಳಿದೆ.

ಯಾಕೆ ಸಹಿ ಮಾಡಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಮರ್ಯಾದಸ್ಥ ಉತ್ತರವಿಲ್ಲ. ಯಾರೂ ಹೆದರಿಸಲಿಲ್ಲ, ಕೈ ಹಿಡಿದು ಬರೆಸಲಿಲ್ಲ. ಫೋನು ಪಕ್ಕದಲ್ಲೇ ಇತ್ತು, ವಕೀಲೆಯ ನಂಬರು ಅದರಲ್ಲಿತ್ತು. ಒಂದು ನಿಮಿಷ ಎಂದು ಎದ್ದು ಒಳಗೆ ಹೋಗಬಹುದಿತ್ತು. ಆದರೆ ಎದ್ದರೆ, ಮನೆಗೆ ಬಂದವರ ಮುಂದೆ ಗಂಡನ ಮೇಲೆ ನಂಬಿಕೆ ಇಲ್ಲ ಎಂದು ಸಾರಿದಂತೆ. ಅತ್ತೆಯ ಮುಂದೆ, ಅವರ ಮಗನ ಮನೆಯಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಿದಂತೆ. ಚಿರೋಟಿ ಮಾಡಿಕೊಂಡು ಬಂದವರ ಹಬ್ಬ ಕೆಡಿಸಿದಂತೆ. ದಾಕ್ಷಿಣ್ಯ ಎನ್ನುವುದು ಅಷ್ಟೇ. ಆ ಗಳಿಗೆಯಲ್ಲಿ ಅದು ಮನೆಗಿಂತ ದೊಡ್ಡದಾಗಿ ಕಂಡಿತು.

ನನಗೆ ಹೆಚ್ಚು ನಾಚಿಕೆ ತರುವುದು ಇನ್ನೊಂದು. ಮೈಸೂರಿನಲ್ಲಿ ನನ್ನ ಕೈಯಿಂದ ಸೀನಿಯರ್ ಹೆಚ್ಚಾಗಿ ಬರೆಸುತ್ತಿದ್ದದ್ದು ಹಕ್ಕು ಬಿಡುಗಡೆ ಪತ್ರ. ಅಪ್ಪ ತೀರಿಕೊಂಡ ಮೇಲೆ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ತಮ್ಮ ಪಾಲು ಬಿಟ್ಟು ಬರೆದುಕೊಡುವ ಪತ್ರ. 'ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಚಿತ್ತದಿಂದ, ನನ್ನ ಸ್ವಂತ ಇಚ್ಛೆಯಿಂದ ಒಪ್ಪಿ' ಎಂಬ ಸಾಲನ್ನು ಎಷ್ಟು ಸಲ ಬರೆದಿದ್ದೇನೋ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಅವರನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದೆ, ನಿಮಗೆ ನಿಜವಾಗಲೂ ಒಪ್ಪಿಗೆಯಾ ಎಂದು ಕೇಳುತ್ತಿದ್ದೆ. ರೇಷ್ಮೆ ಸೀರೆ ಉಟ್ಟು ಬಂದ ಆ ಹೆಂಗಸರು ತಲೆಯಾಡಿಸುತ್ತಿದ್ದರು. ಒಬ್ಬರಂತೂ, "ಕೇಳ್ಬೇಡಮ್ಮ, ಬೇಗ ಮುಗಿಸು, ಅಣ್ಣ ಹೋಟ್ಲಿಗೆ ಕರ್ಕೊಂಡ್ ಹೋಗ್ತೀನಿ ಅಂದಿದಾನೆ," ಅಂದಿದ್ದರು. ಅವತ್ತು ಆಫೀಸಿಗೆ ಬಂದು ಅವರನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದೆ. ಬೆನ್ನುಮೂಳೆಯಿಲ್ಲದ ಜನ ಎಂದೂ ಅಂದಿದ್ದೆ. ಆ ಹೆಂಗಸು ಓದು ಬರಹ ಹೆಚ್ಚಿಲ್ಲದವರು. ನಾನು ಓದಿದವಳು, ಅದೇ ಕಾಗದವನ್ನು ಬರೆದು ಸಂಬಳ ಪಡೆದವಳು.

ಗಿಲ್‌ರಾಯಿಗೆ ಬಂದೆವು. ಹಾಲು ಉಕ್ಕಿಸಿದೆವು. ವಕೀಲೆಯಿಂದ ಅಭಿನಂದನೆಯ ಇಮೇಲು ಬಂತು, ಸಹಿಯ ದಿನ ಏನಾದರೂ ತೊಡಕಾಯಿತೇ ಎಂದು ಕೇಳಿದ್ದರು. ಏನೂ ಇಲ್ಲ, ನಿಮ್ಮಿಂದ ತುಂಬ ಸಹಾಯವಾಯಿತು ಎಂದು ಬರೆದೆ. ಸಹಿ ಒಂದೇ ಸಲಕ್ಕೆ ಮಾಡಿದ್ದೆ, ಅವರಿಗೆ ಆ ಸುಳ್ಳನ್ನು ಮೂರು ಸಲ ಅಳಿಸಿ ಬರೆದೆ.

ಬೇಸಿಗೆಯಲ್ಲಿ ಆ ಊರೆಲ್ಲ ಒಗ್ಗರಣೆ ಹಾಕಿದ ಹಾಗೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಹಿತ್ತಲಲ್ಲಿ ಕರಿಬೇವು ನೆಟ್ಟೆ, ಮೆಂತ್ಯ ಹಾಕಿದೆ. ಮನೆ ನನಗೆ ತುಂಬ ಇಷ್ಟವಾಯಿತು, ಅದೇ ಕಷ್ಟವಾಯಿತು. ಸೋಲಾರ್ ಪ್ಯಾನಲ್ ಮಾರುವವರು ವಾರಕ್ಕೊಬ್ಬರಾದರೂ ಬಾಗಿಲು ತಟ್ಟುತ್ತಿದ್ದರು. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ನೀವು ಮನೆಯ ಓನರ್ರಾ? ಬೇರೆ ಯಾರಾದರೂ ಆಗಿದ್ದರೆ ಹೌದು ಎಂದು ಬಾಗಿಲು ಹಾಕುತ್ತಿದ್ದರು. ನನಗೆ ಹೌದು ಎನ್ನಲು ಬಾಯಿ ಬರುತ್ತಿರಲಿಲ್ಲ. ಹಾಳಾದ ವಕೀಲಿ ಬುದ್ಧಿ. "ಇಲ್ಲ, ಅವರು ಆಫೀಸಿಗೆ ಹೋಗಿದ್ದಾರೆ," ಎನ್ನುತ್ತಿದ್ದೆ. ಒಂದು ಸಲ ಮಗಳು ಹಿಂದೆ ನಿಂತು ಕೇಳಿಸಿಕೊಂಡಳು. "ಅಮ್ಮಾ, ವೈ ಡಿಡ್ ಯು ಸೇ ನೋ?" ಅಂದಳು. ಮಾರುವವರನ್ನು ಸಾಗಹಾಕಲು ಎಂದೆ. ಅವಳು ನಂಬಿದಳು. ಅವಳು ನಂಬಿದ್ದು ನೋಡಿ ನನಗೆ ಅಳು ಬಂತು.

ಒಂದು ಶನಿವಾರ ಗ್ರೋಸರಿ ಅಂಗಡಿಯ ತರಕಾರಿ ಸಾಲಿನಲ್ಲಿ ವಕೀಲೆಯ ಬಿಳಿ ತಲೆ ಕಂಡಿತು. ಗಾಡಿ ತಿರುಗಿಸಿ ನಾಯಿ ಬಿಸ್ಕತ್ತಿನ ಸಾಲಿಗೆ ಹೋಗಿ ನಿಂತೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಅಲ್ಲಿ ನಿಂತು ಒಂದು ಚೀಲದ ಮೇಲಿನ ವಿವರಣೆಯನ್ನೆಲ್ಲ ಓದುತ್ತಾ, ಇದಿನ್ನು ಅತಿಯಾಯಿತು ಎಂದು ನನಗೇ ಹೇಸಿಗೆಯಾಯಿತು. ಸೋಮವಾರ ಡೇಕೇರ್ ಮುಗಿಸಿ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದೆ.

ಎಲ್ಲ ಹೇಳಿದೆ. ಅವರು ಕೇಳಿದರು: "ಓದಿದಿರಾ?"

"ಓದಿದೆ."

"ಅರ್ಥವಾಗಿತ್ತಾ?"

"ಪೂರ್ತಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಓದದೆ ಸಹಿ ಮಾಡಿದವರನ್ನು ಅವರು ಜೀವಮಾನವಿಡೀ ನೋಡಿರಬೇಕು, ಅವರಿಗೆ ಹೇಳುವ ಸಮಾಧಾನದ ಮಾತುಗಳು ಸಿದ್ಧವಿರುತ್ತವೆ. ಓದಿಯೂ ಮಾಡಿದವಳಿಗೆ ಅವು ಹೊಂದುವುದಿಲ್ಲ. ಮತ್ತೆ ಯಾಕೆ ಎಂದು ಮೆಲ್ಲಗೆ ಕೇಳಿದರು. ನಾನು ಇಂಗ್ಲಿಷಿನಲ್ಲಿ ತಡಕಾಡಿ, ಮನೆಗೆ ನೆಂಟರು ಬಂದಿದ್ದರು, ಸಭ್ಯತೆಗೆಂದು ಮಾಡಿದೆ ಅಂದೆ. ಹೇಳಿದ ಮೇಲೆ ನನ್ನ ಕಿವಿಗೇ ಹುಚ್ಚರ ಮಾತಿನ ಹಾಗೆ ಕೇಳಿಸಿತು.

ಆ ಕಾಗದ ಬೇಕೇ ಇರಲಿಲ್ಲ ಎಂದರು ಅವರು. ಸಾಲ ಇವರೊಬ್ಬರ ಹೆಸರಿನಲ್ಲಿದ್ದರೂ ಪತ್ರದಲ್ಲಿ ಇಬ್ಬರೂ ಇರಬಹುದಿತ್ತು. ಸಾಲದವರು ತಮಗೆ ಸುಲಭವಾದ ದಾರಿ ಹಿಡಿದಿದ್ದರು, ಕೇಳಿದ್ದರೆ ಬದಲಾಯಿಸುತ್ತಿದ್ದರು. ಅವತ್ತು ಫೋನು ಮಾಡಿದ್ದರೆ ಐದು ನಿಮಿಷದ ಕೆಲಸ. ಈಗಲೂ ಸರಿಮಾಡಬಹುದು, ಆದರೆ ಮನೆ ಈಗ ಕಾಗದದ ಪ್ರಕಾರ ಇವರೊಬ್ಬರದು. ಇವರು ಮನಸ್ಸು ಮಾಡಿ ಹೊಸ ಪತ್ರ ಬರೆದುಕೊಡಬೇಕು. "ನೀವು ಅವರನ್ನು ಕೇಳಬೇಕು," ಅಂದರು.

ಕೇಳುವುದಕ್ಕೆ ತಿಂಗಳುಗಳು ಹಿಡಿದವು. ಬೆಳಿಗ್ಗೆ ಕಾಫಿ ಕೊಡುವಾಗ ಕೇಳೋಣ ಅನಿಸುತ್ತಿತ್ತು, ಆಫೀಸಿಗೆ ಹೊರಟವರ ತಲೆ ಕೆಡಿಸುವುದು ಬೇಡ ಎಂದು ಬಿಡುತ್ತಿದ್ದೆ. ಸಂಜೆ ದಣಿದು ಬಂದಿರುತ್ತಿದ್ದರು. ಬಿಟ್ಟುಕೊಡುವಾಗ ನಗು ಬಂದಿತ್ತು, ವಾಪಸು ಕೇಳುವುದು ಭಿಕ್ಷೆ ಬೇಡಿದ ಹಾಗೆ ಅನಿಸುತ್ತಿತ್ತು. ಕೊನೆಗೆ ಒಂದು ಭಾನುವಾರ, ಫ್ರೀವೇಯಲ್ಲಿ ದೇವಸ್ಥಾನದಿಂದ ಮನೆಗೆ ಬರುತ್ತಿದ್ದಾಗ ಕೇಳಿದೆ. ಮಗಳು ಹಿಂದಿನ ಸೀಟಿನಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದಳು. ಕಾರಿನಲ್ಲಾದರೆ ಇವರಿಗೆ ಎದ್ದು ಹೋಗಿ ಪಾತ್ರೆ ತೊಳೆಯಲು ಆಗುವುದಿಲ್ಲ.

"ಮನೆ ಪತ್ರಕ್ಕೆ ನನ್ನ ಹೆಸರೂ ಸೇರಿಸ್ಬೇಕು ರೀ. ಅವತ್ತು ನಾನು ಸೈನ್ ಮಾಡಿದ್ನಲ್ಲ, ಅದು ಏನು ಪೇಪರ್ ಅಂತ ನಿಮಗೆ ಗೊತ್ತಾ?"

ಇವರು ಬಲಗಡೆಯ ಲೇನಿಗೆ ಬಂದು ವೇಗ ಇಳಿಸಿದರು. ಆಮೇಲೆ, "ಗೊತ್ತಿತ್ತು," ಅಂದರು.

ಗೊತ್ತಿರಲಾರದು ಎಂದೇ ನಾನು ಅಷ್ಟು ತಿಂಗಳು ನಂಬಿದ್ದೆ.

"ಲೋನ್‌ನವನು ಒಂದ್ ವಾರ ಮುಂಚೆ ಫೋನಲ್ಲಿ ಹೇಳಿದ್ದ. ನಿನಗೆ ಹೇಳೋಕೆ ಮುಜುಗರ ಆಯ್ತು. ಹೇಗೂ ನೀನು ಓದ್ತೀಯ, ಇದೇನು ಅಂತ ಕೇಳ್ತೀಯ, ಆಗ ಬೇಡ ಅಂತ ಚೇಂಜ್ ಮಾಡ್ಸಿದ್ರಾಯ್ತು ಅಂದ್ಕೊಂಡೆ. ನೀನು ನಕ್ಕೊಂಡು ಸೈನ್ ಮಾಡ್ಬಿಟ್ಟೆ. ನಿನಗೇ ಪರವಾಗಿಲ್ಲ ಅಂದ್ಮೇಲೆ ಎಲ್ಲರ ಮುಂದೆ ನಾನೇನಂತ ಮಾತಾಡ್ಲಿ?"

"ನಾನು ಕೇಳ್ಲಿ ಅಂತ ಕಾಯ್ತಾ ಕೂತಿದ್ರಾ?" ಎಂದು ಕಿರುಚಿದೆ. ಹಿಂದೆ ಮಗಳು ಹೆಡ್‌ಫೋನ್ ತೆಗೆದಳು. "ನಥಿಂಗ್, ಪುಟ್ಟಿ," ಅಂದರು ಇವರು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅದನ್ನು ಇವರ ಮೇಲೆ ಪೂರ್ತಿ ಸುರಿಯಲು ಆಗಲಿಲ್ಲ. ಇವರು ಹೇಳಲು ನಾಚಿದ್ದರು, ನಾನು ಕೇಳಲು ನಾಚಿದ್ದೆ, ಆ ಮೇಜಿನ ಸುತ್ತ ಇಬ್ಬರೂ ಒಂದೇ ಜಾತಿಯ ಹೇಡಿಗಳಾಗಿದ್ದೆವು. ವ್ಯತ್ಯಾಸವೆಂದರೆ ಇವರ ನಾಚಿಕೆಯಿಂದ ಇವರಿಗೆ ಒಂದು ಮನೆ ಸಿಕ್ಕಿತ್ತು.

ಗಿಲ್‌ರಾಯಿಯ ತಿರುವು ಬಂದಾಗ ಇವರೇ, "ಮಾಡ್ಸೋಣ. ಆದಷ್ಟು ಬೇಗ ಮಾಡ್ಸೋಣ," ಅಂದರು. ಸ್ವಲ್ಪ ತಡೆದು, "ಅಮ್ಮಂಗೆ ಹೇಳೋದು ಬೇಡ, ಸುಮ್ನೆ ಏನೇನೋ ಅಂದ್ಕೋತಾರೆ," ಎಂದೂ ಸೇರಿಸಿದರು. ಹೂಂ ಎಂದೆ. ನನ್ನದನ್ನು ನಾನು ವಾಪಸು ಪಡೆಯುವುದನ್ನೂ ಕಳ್ಳತನದ ಹಾಗೆ ಮಾಡಬೇಕಾಯಿತಲ್ಲ ಎಂದು ಮನೆ ಸೇರುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಿದ್ದೆ.

ಹೊಸ ಪತ್ರ ಸಿದ್ಧವಾದ ದಿನ ಇಬ್ಬರೂ ವಕೀಲೆಯ ಆಫೀಸಿಗೆ ಹೋದೆವು. ಕೆಳಗೆ ಯಾವುದೋ ಟ್ರಕ್ಕಿಗೆ ಚಕ್ರ ಕೂರಿಸುವ ಸದ್ದು. ಪತ್ರ ಒಂದೇ ಹಾಳೆ. ಗಂಡ ಬರೆದುಕೊಡುತ್ತಾನೆ, ಗಂಡ ಹೆಂಡತಿ ಇಬ್ಬರೂ ಪಡೆಯುತ್ತಾರೆ. ಕೊನೆಗೂ ನನ್ನ ಹೆಸರು, ಪಡೆಯುವವರ ಜಾಗದಲ್ಲಿ, ಒಂದು ಅಕ್ಷರವೂ ತಪ್ಪಿಲ್ಲದೆ. ಅದನ್ನು ನೋಡಿದೊಡನೆ ಕಣ್ಣು ತುಂಬುತ್ತದೆ ಎಂದುಕೊಂಡಿದ್ದೆ. ತುಂಬುವುದರೊಳಗೆ ಅದರ ಮೇಲಿನ ಸಾಲು ಕಣ್ಣಿಗೆ ಬಿತ್ತು. ಇದು ದಾನ, ಕೊಡುವವರು ಇದಕ್ಕೆ ಪ್ರತಿಯಾಗಿ ಏನನ್ನೂ ಪಡೆದಿಲ್ಲ ಎಂದಿತ್ತು.

ಈ ಸಾಲು ತೆಗೆಯಬಹುದಾ ಎಂದು ವಕೀಲೆಯನ್ನು ಕೇಳಿದೆ. ಅವರಿಗೆ ನಾನು ಯಾಕೆ ಕೇಳುತ್ತಿದ್ದೇನೆ ಎಂದು ಗೊತ್ತಾಯಿತು. ಮುಖ ಸಣ್ಣದು ಮಾಡಿಕೊಂಡು, ಆಗುವುದಿಲ್ಲ, ಅದಿದ್ದರೇ ತೆರಿಗೆಯಿಲ್ಲದೆ ನೋಂದಣಿಯಾಗುವುದು ಅಂದರು. ಮದುವೆಯಾದ ಮೇಲೆ ಕೊಂಡ ಮನೆ ಇಲ್ಲಿನ ಕಾನೂನಿನಲ್ಲಿ ತಾನಾಗಿ ಇಬ್ಬರದೂ ಆಗಿರುತ್ತಿತ್ತು. ಅವತ್ತು ಒಂದು ಮಾತು ಕೇಳಿದ್ದರೆ ನಾನು ಕೊಂಡವಳಾಗಿರುತ್ತಿದ್ದೆ. ಇನ್ನು ಆ ಮನೆ ಇರುವಷ್ಟು ಕಾಲ, ಯಾರು ತೆಗೆದು ಓದಿದರೂ, ನಾನು ದಾನ ತೆಗೆದುಕೊಂಡವಳು.

ಇವರು ಈ ಸಲ ಪ್ರತಿ ಅಕ್ಷರ ಓದಿದರು. ಆ ಸಾಲಿನ ಹತ್ತಿರ ನಿಂತು ನನ್ನ ಕಡೆ ನೋಡಿದರು, ಕಿವಿ ಕೆಂಪಾಗಿತ್ತು. ಸಹಿ ಮಾಡಿದರು. ಆಫೀಸಿನಲ್ಲೇ ಇದ್ದ ಬೇರೊಬ್ಬ ನೋಟರಿ ಮೊಹರು ಒತ್ತಿದ. ನಾನು ಕನ್ನಡಕ ಹಾಕಿಕೊಂಡು, ಕುರ್ಚಿ ಮುಂದಕ್ಕೆ ಎಳೆದುಕೊಂಡು ಪೆನ್ನಿಗಾಗಿ ಕೈ ಚಾಚಿದೆ. ನಮ್ಮಲ್ಲಿ ದಾನಪತ್ರ ಬರೆಯುವಾಗ ದಾನ ಪಡೆಯುವವರೂ ಒಪ್ಪಿದ್ದೇವೆ ಎಂದು ಸಹಿ ಮಾಡುತ್ತಾರೆ, ನಾನೇ ಎಷ್ಟೋ ಜನರಿಂದ ಮಾಡಿಸಿದ್ದೇನೆ.

"ನಿಮ್ಮ ಸಹಿ ಬೇಕಿಲ್ಲ," ಅಂದರು ವಕೀಲೆ, ಆದಷ್ಟು ಮೃದುವಾಗಿ. "ಇಲ್ಲಿ ಕೊಡುವವರು ಮಾಡಿದರೆ ಸಾಕು."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.